ಆಟಕ್ಕೊಂದು ವೀಳ್ಯ: ಹೊಸ ಗೇಮ್ ವಿನ್ಯಾಸಕಾರರಿಗೆ ಆರಂಭದ ಅನುದಾನ

ಉಡುಪಿ ಸೀಮೆಯಲ್ಲಿ 'ಆಟ' ಎಂದರೆ ಮೊದಲು ನೆನಪಾಗುವುದು ಯಕ್ಷಗಾನ; ಇಂದು ರಾತ್ರಿ ಆಟ ಎಲ್ಲಿ ಎಂದು ಯಾರಾದರೂ ಕೇಳಿದರೆ ಆ ಮಾತಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಈ ಆಟಕ್ಕೆ ಹಣ ಹೊಂದಿಸುವ ಎರಡು ದಾರಿಗಳನ್ನು ಕರಾವಳಿ ಹಿಂದೆಯೇ ಕಂಡುಕೊಂಡಿದೆ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಹೆಸರು ಮಾಡಿದ ಡೇರೆ ಮೇಳದ ದಾರಿ ಒಂದು. ಅಲ್ಲಿ ಟಿಕೆಟು ಮಾರಿ ಬಂದ ಹಣದಿಂದಲೇ ಮೇಳ ನಡೆಯಬೇಕು. ಮಂದಾರ್ತಿಯಂಥ ಕ್ಷೇತ್ರಗಳ ಹರಕೆ ಮೇಳದ ದಾರಿ ಇನ್ನೊಂದು; ಅಲ್ಲಿ ಹರಕೆ ಹೊತ್ತವರು ವೀಳ್ಯ ಕೊಟ್ಟು ಆಟ ಆಡಿಸುತ್ತಾರೆ, ಊರವರೆಲ್ಲ ಟಿಕೆಟಿಲ್ಲದೆ ನೋಡುತ್ತಾರೆ, ಕೊಟ್ಟ ಹಣ ಲಾಭ ಸಹಿತ ಮರಳಿ ಬರಲಿ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಮೊಬೈಲು ಮತ್ತು ಕಂಪ್ಯೂಟರಿನ ಪರದೆಯ ಮೇಲೆ ನಡೆಯುವ ವಿಡಿಯೊ ಗೇಮ್ ಎಂಬ ಹೊಸ ಆಟಕ್ಕೂ ಇವೇ ಎರಡು ದಾರಿಗಳಿದ್ದು, ಮೊದಲನೆಯದನ್ನು ಮಾರುಕಟ್ಟೆ ಎಂದೂ ಎರಡನೆಯದನ್ನು ಅನುದಾನ ಎಂದೂ ಕರೆಯಲಾಗುತ್ತದೆ. ಈ ಎರಡನೆಯ ದಾರಿಯು ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳದ ಯುವ ವಿನ್ಯಾಸಕಾರರಿಗೆ ಎಷ್ಟರಮಟ್ಟಿಗೆ ತೆರೆದಿದೆ ಎಂಬುದು ಈ ಲೇಖನದ ವಿಷಯ.

ಅನುದಾನ, ಸಾಲ, ಹೂಡಿಕೆ

ಹೊಸ ಉದ್ಯಮಕ್ಕೆ ಸಿಗುವ ಹಣ ಸಾಮಾನ್ಯವಾಗಿ ಮೂರು ರೂಪದಲ್ಲಿರುತ್ತದೆ. ಸಾಲವನ್ನು ಬಡ್ಡಿ ಸಹಿತ ತೀರಿಸಬೇಕು. ಹೂಡಿಕೆಯನ್ನು ತೀರಿಸಬೇಕಾಗಿಲ್ಲವಾದರೂ ಅದಕ್ಕೆ ಬದಲಾಗಿ ಸಂಸ್ಥೆಯ ಒಡೆತನದಲ್ಲಿ ಪಾಲು, ಅಂದರೆ ಷೇರು, ಬಿಟ್ಟುಕೊಡಬೇಕು. ಅನುದಾನಕ್ಕೆ ಈ ಎರಡೂ ಬಾಧ್ಯತೆಗಳಿಲ್ಲ, ಆದರೆ ಯಾವ ಕೆಲಸಕ್ಕೆಂದು ಹಣ ಕೊಡಲಾಯಿತೋ ಆ ಕೆಲಸ ನಡೆದದ್ದನ್ನು ತೋರಿಸಿ, ಖರ್ಚಿನ ಲೆಕ್ಕ ಒಪ್ಪಿಸಬೇಕು. ಆರಂಭದ ಹಂತದ ಅನುದಾನ ಎನ್ನುವಾಗ 'ಆರಂಭ' ಎಂಬ ಪದಕ್ಕೆ ನಿರ್ದಿಷ್ಟ ಅರ್ಥವಿದೆ: ಆಟವಿನ್ನೂ ಮಾರಾಟಕ್ಕೆ ಬಂದಿಲ್ಲ, ಅನೇಕ ವೇಳೆ ಸಂಸ್ಥೆಯೂ ನೋಂದಣಿಯಾಗಿಲ್ಲ, ಕೈಯಲ್ಲಿರುವುದು ಒಂದು ಕಲ್ಪನೆ ಮತ್ತು ಅದನ್ನು ಪರೀಕ್ಷಿಸಿ ನೋಡುವ ಹಂಬಲ ಮಾತ್ರ. ಈ ಹಂತದಲ್ಲಿ ಬ್ಯಾಂಕಿಗೆ ಅಡವಿಡಲು ಆಸ್ತಿಯಿರುವುದಿಲ್ಲ, ಹೂಡಿಕೆದಾರನಿಗೆ ತೋರಿಸಲು ಆದಾಯವಿರುವುದಿಲ್ಲ. ಆದ್ದರಿಂದ ಅನುದಾನ ಸಿಗದಿದ್ದರೆ ಮನೆಯವರ ಉಳಿತಾಯ ಅಥವಾ ಹಗಲಿನ ನೌಕರಿಯ ಸಂಬಳ, ಇವೆರಡೇ ಆಧಾರ.

ವಿಡಿಯೊ ಗೇಮ್ ವಿನ್ಯಾಸಕಾರನ ಕೆಲಸವನ್ನು ಚಿತ್ರ ಬಿಡಿಸುವುದು ಅಥವಾ ಪ್ರೋಗ್ರಾಮ್ ಬರೆಯುವುದು ಎಂದಷ್ಟೇ ತಿಳಿಯುವುದು ಸಾಮಾನ್ಯ ತಪ್ಪು. ಅವೆರಡೂ ಬೇಕು, ಆದರೆ ವಿನ್ಯಾಸದ ತಿರುಳಿರುವುದು ನಿಯಮದಲ್ಲಿ. ತುಳುನಾಡಿನ ಮನೆಗಳಲ್ಲಿ ಆಟಿ ತಿಂಗಳ ಮಳೆಯ ದಿನಗಳಲ್ಲಿ ಹೊರಬರುತ್ತಿದ್ದ ಚೆನ್ನೆಮಣೆಯನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಮರದ ಹಲಗೆಯಲ್ಲಿ ಏಳೇಳರ ಎರಡು ಸಾಲಾಗಿ ಹದಿನಾಲ್ಕು ಗುಳಿಗಳು. ಗುಳಿಯೊಂದಕ್ಕೆ ನಾಲ್ಕರಂತೆ ಐವತ್ತಾರು ಕಾಯಿಗಳು. ಒಂದು ಗುಳಿಯ ಕಾಯಿಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುವುದೇ ಆಟ. ಆಡುವ ಕ್ರಮದಲ್ಲಿ ಹಲವು ಬಗೆಗಳಿದ್ದರೂ ಈ ಬಿತ್ತುವ ಕ್ರಿಯೆ ಎಲ್ಲದರಲ್ಲೂ ಇದೆ. ಗುಳಿಗೆ ನಾಲ್ಕರ ಬದಲು ಎರಡೇ ಕಾಯಿ ಹಾಕಿದರೆ ಆಟ ಬೇರೆಯಾಗುತ್ತದೆ, ಹತ್ತು ಹಾಕಿದರೆ ಮತ್ತೂ ಬೇರೆಯಾಗುತ್ತದೆ. ಯಾವ ಸಂಖ್ಯೆಯಲ್ಲಿ ಆಟ ರಸವತ್ತಾಗಿರುತ್ತದೆ ಎಂಬುದು ಕೂತು ಯೋಚಿಸಿ ಹೇಳುವ ಮಾತಲ್ಲ, ಆಡಿ ನೋಡಿಯೇ ತಿಳಿಯಬೇಕಾದದ್ದು. ಚೆನ್ನೆಯ ಮೇಲಿನ ಜಗಳದಿಂದಲೇ ಅವಳಿ ಅಕ್ಕತಂಗಿಯರು ಪ್ರಾಣ ಕಳೆದುಕೊಂಡ ಅಬ್ಬಗ-ದಾರಗರ ಪಾಡ್ದನವು, ಒಂದು ಹಲಗೆ ಮತ್ತು ಒಂದು ಹಿಡಿ ಕಾಯಿ ಮನುಷ್ಯರ ಮನಸ್ಸನ್ನು ಎಷ್ಟು ಆಳವಾಗಿ ಹಿಡಿಯಬಲ್ಲವು ಎಂಬುದಕ್ಕೆ ಸಾಕ್ಷಿಯಾಗಿದೆ.

ಹೀಗೆ ಆಡಿ ನೋಡುವುದಕ್ಕಾಗಿಯೇ ಮಾಡಿಕೊಳ್ಳುವ ಒರಟು ರೂಪವನ್ನು ಗೇಮ್ ಲೋಕದಲ್ಲಿ ಪ್ರೊಟೊಟೈಪ್ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಮೂಲಮಾದರಿ ಎನ್ನಬಹುದು. ಉದಾಹರಣೆಗೆ, ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೋಡಿದ ವಿನ್ಯಾಸಕಾರನೊಬ್ಬ, ತಿರುಗುವ ಬೆಳಕು ಬಿದ್ದ ಕ್ಷಣದಲ್ಲಿ ಮಾತ್ರ ದೋಣಿಗೆ ದಾರಿ ಕಾಣುವಂತಹ ಆಟವೊಂದನ್ನು ಕಲ್ಪಿಸಿಕೊಳ್ಳಬಹುದು. 1586ರ ಕಾರ್ಕಳದ ಚತುರ್ಮುಖ ಬಸದಿಯ ನಾಲ್ಕು ದಿಕ್ಕಿನ ಒಂದೇ ಬಗೆಯ ಬಾಗಿಲುಗಳು ಇನ್ನೊಬ್ಬಳಿಗೆ ಒಳಹೊಕ್ಕ ಬಾಗಿಲನ್ನು ಗುರುತಿಸಿ ಹೊರಬರಬೇಕಾದ ಒಗಟಾಗಿ ತೋರಬಹುದು. ಬೆಳಕು ಎಷ್ಟು ಸೆಕೆಂಡಿಗೊಮ್ಮೆ ಸುತ್ತಬೇಕು, ಬಾಗಿಲುಗಳ ನಡುವಿನ ವ್ಯತ್ಯಾಸ ಎಷ್ಟು ಸೂಕ್ಷ್ಮವಾಗಿರಬೇಕು ಎಂಬ ಪ್ರಶ್ನೆಗಳಿಗೆ ಮೂಲಮಾದರಿಯೇ ಉತ್ತರ ಕೊಡಬೇಕು. ಅದರಲ್ಲಿ ದೋಣಿಯ ಬದಲು ಒಂದು ಚೌಕ, ಬಸದಿಯ ಬದಲು ನಾಲ್ಕು ಗೆರೆ ಇದ್ದರೂ ಸಾಕು. ಆರಂಭದ ಅನುದಾನ ಕೊಳ್ಳುವುದು ಈ ಉತ್ತರವನ್ನು. ಉತ್ತರ 'ಆಟ ರುಚಿಸುವುದಿಲ್ಲ' ಎಂದು ಬಂದರೂ ಅದು ಕಡಿಮೆ ಖರ್ಚಿನಲ್ಲಿ ಬೇಗ ತಿಳಿದ ಸತ್ಯವಾಗಿ ಲಾಭವೇ ಆಗಿರುತ್ತದೆ.

ಉಡುಪಿಯ ಅಡುಗೆಮನೆಯಿಂದ ಲೋಕಕ್ಕೆ

ವಿಡಿಯೊ ಗೇಮ್ ಉದ್ಯಮವು ಉಡುಪಿಗೆ ಹೊರಗಿನ ವಸ್ತುವಲ್ಲ. ರೋಹಿತ್ ಭಟ್ ಅವರು 1996ರಲ್ಲಿ ಉಡುಪಿಯಲ್ಲಿ ಆರಂಭಿಸಿದ ರೋಬೋಸಾಫ್ಟ್ ಸಂಸ್ಥೆಯು ಮ್ಯಾಕ್ ಕಂಪ್ಯೂಟರುಗಳಿಗೆ ತಂತ್ರಾಂಶ ಬರೆಯುವ ಕೆಲಸದಿಂದ ಬೆಳೆದು, ಸ್ಮಾರ್ಟ್‌ಫೋನಿನ ಕಾಲ ಬಂದಾಗ ಮೊಬೈಲ್ ಆ್ಯಪ್‌ಗಳತ್ತ ಹೊರಳಿತು. ಅದೇ ಬಳಗದಿಂದ ಮೂಡಿದ 99ಗೇಮ್ಸ್ ಎಂಬ ಸಂಸ್ಥೆಯು ಆಟಗಳಿಗೇ ಮೀಸಲಾಯಿತು. 2013ರ ಡಿಸೆಂಬರಿನಲ್ಲಿ ಹಿಂದಿ ಚಿತ್ರ 'ಧೂಮ್ 3'ರೊಂದಿಗೆ ಬಂದ ಅಧಿಕೃತ ಮೊಬೈಲ್ ಆಟವೂ 2014ರಲ್ಲಿ ಬಂದ 'ಸ್ಟಾರ್ ಶೆಫ್' ಎಂಬ ಹೋಟೆಲು ನಡೆಸುವ ಆಟವೂ ಉಡುಪಿಯಲ್ಲೇ ತಯಾರಾದವು. ಮಸಾಲೆದೋಸೆಯ ಹೋಟೆಲುಗಳಿಂದ ಊರೂರಲ್ಲಿ ಹೆಸರಾದ ಪೇಟೆಯಿಂದಲೇ ಅಡುಗೆಮನೆ ನಿಭಾಯಿಸುವ ಆಟವೊಂದು ಹೊರಟು ಹಲವು ದೇಶಗಳ ಫೋನುಗಳಿಗೆ ತಲುಪಿದ್ದು, ಬೆಂಗಳೂರಿಗೆ ಹೋಗದೆ ಇಲ್ಲಿಯೇ ಕೂತು ಜಗತ್ತಿನ ಮಾರುಕಟ್ಟೆಗೆ ಆಟ ಮಾಡಬಹುದು ಎಂಬುದನ್ನು ತೋರಿಸಿಕೊಟ್ಟಿತು. ರೋಬೋಸಾಫ್ಟ್ ಅನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೊ ಹೋಲ್ಡಿಂಗ್ಸ್ ಕೊಂಡುಕೊಂಡಿತು.

ಪ್ರತಿಭೆಯ ತರಬೇತಿಗೂ ಇಲ್ಲಿ ಕೊರತೆಯಿಲ್ಲ. 1957ರಲ್ಲಿ ಆರಂಭವಾದ ಮಣಿಪಾಲ ತಾಂತ್ರಿಕ ವಿದ್ಯಾಲಯವೂ, 1986ರಲ್ಲಿ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಆರಂಭವಾದ ಎನ್‌ಎಂಎಎಂ ತಾಂತ್ರಿಕ ವಿದ್ಯಾಲಯವೂ ವರ್ಷವರ್ಷವೂ ಪದವೀಧರರನ್ನು ಹೊರತರುತ್ತವೆ. ಎರಡೂ ಕಡೆಗಳಲ್ಲಿ ಹೊಸ ಉದ್ಯಮಗಳಿಗೆ ಜಾಗ ಮತ್ತು ಸಲಹೆ ಕೊಡುವ ಪೋಷಣಾ ಕೇಂದ್ರಗಳು, ಅಂದರೆ ಇನ್‌ಕ್ಯುಬೇಟರುಗಳು, ಇವೆ. ಕಲಿಸುವವರಿದ್ದಾರೆ, ಮಾಡಿ ತೋರಿಸಿದವರಿದ್ದಾರೆ. ಕಲಿತವರು ತಮ್ಮದೇ ಆಟ ಮಾಡಲು ಹೊರಡುವ ಮೊದಲ ಆರು ತಿಂಗಳಿಗೆ ಅನ್ನ ಯಾರು ಇಕ್ಕುತ್ತಾರೆ ಎಂಬ ಪ್ರಶ್ನೆಯೊಂದು ಉಳಿಯುತ್ತದೆ.

ಇರುವ ಯೋಜನೆಗಳ ಅಳತೆ

ಕರ್ನಾಟಕವು ಈ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು ನೀತಿ ರೂಪಿಸಿದ ರಾಜ್ಯ. ಆ್ಯನಿಮೇಶನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಎಂಬ ನಾಲ್ಕನ್ನೂ ಸೇರಿಸಿ ಎವಿಜಿಸಿ ಎಂಬ ಹೆಸರಿನಲ್ಲಿ ಮೊದಲ ನೀತಿ 2012ರಲ್ಲಿ ಬಂತು. 2024ರ ಜನವರಿಯಲ್ಲಿ ಪ್ರಕಟವಾದ ಮೂರನೆಯ ನೀತಿಯು 2029ರವರೆಗೆ ಜಾರಿಯಲ್ಲಿರುತ್ತದೆ. ಹೊಸ ಉದ್ಯಮಗಳಿಗೆ ನೇರವಾಗಿ ಹಣ ತಲುಪಿಸುವ ರಾಜ್ಯದ ಮುಖ್ಯ ಯೋಜನೆ 2017ರಲ್ಲಿ ಆರಂಭವಾದ 'ಎಲಿವೇಟ್'. ಇದರಲ್ಲಿ ಆಯ್ಕೆಯಾದ ಸಂಸ್ಥೆಗೆ ಕಲ್ಪನೆಯನ್ನು ಕಾರ್ಯಸಾಧ್ಯವೆಂದು ತೋರಿಸುವುದಕ್ಕಾಗಿ, ಷೇರಿನ ಪಾಲು ಕೇಳದೆ, ಗರಿಷ್ಠ 50 ಲಕ್ಷ ರೂಪಾಯಿಗಳವರೆಗೆ ಅನುದಾನ ಸಿಗುತ್ತದೆ. ಕೇಂದ್ರ ಸರ್ಕಾರದ ಸ್ಟಾರ್ಟಪ್ ಇಂಡಿಯಾ ಬೀಜಧನ ಯೋಜನೆಯು 945 ಕೋಟಿ ರೂಪಾಯಿಗಳ ನಿಧಿಯೊಂದಿಗೆ 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದ್ದು, ಪೋಷಣಾ ಕೇಂದ್ರಗಳ ಮೂಲಕ ಮೂಲಮಾದರಿಯ ಹಂತಕ್ಕೆ 20 ಲಕ್ಷ ರೂಪಾಯಿಗಳವರೆಗೆ ಅನುದಾನವನ್ನು ಕಂತುಗಳಲ್ಲಿ ಕೊಡುತ್ತದೆ.

ಮೊತ್ತಗಳು ದೊಡ್ಡವೇ, ತೊಡಕಿರುವುದು ಬಾಗಿಲಲ್ಲಿ. ಬೀಜಧನ ಯೋಜನೆಗೆ ಅರ್ಜಿ ಹಾಕಬೇಕಾದರೆ ಸಂಸ್ಥೆ ಕಾನೂನುಬದ್ಧವಾಗಿ ನೋಂದಣಿಯಾಗಿ, ಕೇಂದ್ರದಿಂದ ಸ್ಟಾರ್ಟಪ್ ಎಂಬ ಮಾನ್ಯತೆ ಪಡೆದಿರಬೇಕು, ಮತ್ತು ನೋಂದಣಿಯಾಗಿ ಎರಡು ವರ್ಷ ಮೀರಿರಬಾರದು. ಶಿಕ್ಷಣ, ಕೃಷಿ, ಆರೋಗ್ಯ, ಇಂಧನ, ಬಾಹ್ಯಾಕಾಶ ಮುಂತಾದ ಆದ್ಯತೆಯ ಕ್ಷೇತ್ರಗಳನ್ನು ಹೆಸರಿಸುವ ಅದರ ಪಟ್ಟಿಯಲ್ಲಿ ಮನರಂಜನೆಯ ಆಟಗಳಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 'ನಿಧಿ-ಪ್ರಯಾಸ್' ಯೋಜನೆಯು 10 ಲಕ್ಷ ರೂಪಾಯಿಗಳವರೆಗೆ ಕೊಡುವುದಾದರೂ ಅದು ಕೈಯಲ್ಲಿ ಹಿಡಿಯಬಹುದಾದ ಭೌತಿಕ ವಸ್ತುವಿನ ಮಾದರಿಗೆ ಮೀಸಲು. ಪರದೆಯ ಮೇಲಷ್ಟೇ ಇರುವ ಆಟ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದರ ಸಹಯೋಜನೆಯಾದ 'ನಿಧಿ-ಇಐಆರ್' ವ್ಯಕ್ತಿಗೇ ತಿಂಗಳಿಗೆ ಗರಿಷ್ಠ 30,000 ರೂಪಾಯಿಗಳ ಫೆಲೋಶಿಪ್ ಕೊಡುವುದರಿಂದ ವಿನ್ಯಾಸಕಾರನ ಅಗತ್ಯಕ್ಕೆ ಹೆಚ್ಚು ಹತ್ತಿರವಾಗಿದೆ. ಬೆಂಗಳೂರಿನ ಹೊರಗಿನ ಕಾಲೇಜುಗಳ ವಿದ್ಯಾರ್ಥಿ ಯೋಜನೆಗಳಿಗೆ ತಲಾ 3 ಲಕ್ಷ ರೂಪಾಯಿಗಳವರೆಗೆ ಕೊಡುವ ರಾಜ್ಯದ 'ನೈನ್' ಕಾರ್ಯಕ್ರಮವೂ ಇದೇ ಬಗೆಯದು, ಆದರೆ ಅದರ ಗುರಿ ಸ್ಥಳೀಯ ಸಮಸ್ಯೆಗಳಿಗೆ ಪರಿಹಾರ ಹುಡುಕುವುದು. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬಂತೆ, ಆಟ ಮಾರಾಟವಾಗುತ್ತದೆ ಎಂಬ ಭರವಸೆಯಿಲ್ಲದೆ ಸಂಸ್ಥೆ ಕಟ್ಟುವುದು ದುಡುಕು, ಸಂಸ್ಥೆ ಕಟ್ಟದೆ ಭರವಸೆ ಪಡೆಯುವಷ್ಟು ಹಣ ಸಿಗುವುದು ಕಷ್ಟ ಎಂಬ ಸ್ಥಿತಿಯಲ್ಲಿ ಹೊಸಬರು ಸಿಕ್ಕಿಕೊಳ್ಳುತ್ತಾರೆ.

ಖಾಸಗಿ ವಲಯದಲ್ಲೂ ದಾರಿಗಳಿವೆ. ಅಮೆರಿಕದ ಎಪಿಕ್ ಗೇಮ್ಸ್ 2019ರಲ್ಲಿ 10 ಕೋಟಿ ಡಾಲರುಗಳ 'ಮೆಗಾಗ್ರಾಂಟ್ಸ್' ನಿಧಿಯನ್ನು ಪ್ರಕಟಿಸಿ 5,000 ಡಾಲರುಗಳಿಂದ 5 ಲಕ್ಷ ಡಾಲರುಗಳವರೆಗೆ ಅನುದಾನ ಕೊಡತೊಡಗಿತು. ದಕ್ಷಿಣ ಕೊರಿಯಾದ ಕ್ರಾಫ್ಟನ್ ಮತ್ತು ಜಪಾನಿನ ಸೋನಿ ಎರಡೂ 2023ರಲ್ಲಿ ಭಾರತದ ಗೇಮ್ ತಂಡಗಳಿಗೆಂದೇ ಪೋಷಣಾ ಕಾರ್ಯಕ್ರಮಗಳನ್ನು ಆರಂಭಿಸಿದವು. ಇವೆಲ್ಲವೂ ದೇಶಮಟ್ಟದ ಅಥವಾ ಲೋಕಮಟ್ಟದ ಸ್ಪರ್ಧೆಗಳಾದ್ದರಿಂದ ಅಲ್ಲಿ ಗೆಲ್ಲಬೇಕಾದರೆ ಆಡಿ ನೋಡಬಹುದಾದ ಮೂಲಮಾದರಿ ಮೊದಲೇ ಕೈಯಲ್ಲಿರಬೇಕು.

ಡಂಡಿಯ ಪಾಠ

ಸ್ಕಾಟ್‌ಲೆಂಡಿನ ಡಂಡಿ ಎಂಬ ಕಡಲತೀರದ ಊರಿನ ಚರಿತ್ರೆಯು ಉಡುಪಿ-ಮಣಿಪಾಲದವರಿಗೆ ಪರಿಚಿತವೆನಿಸುವಂತಿದೆ. ಸುಮಾರು ಒಂದೂವರೆ ಲಕ್ಷ ಜನಸಂಖ್ಯೆಯ ಈ ಊರಿನಲ್ಲಿ 1980ರ ದಶಕದ ಕೊನೆಯಲ್ಲಿ ಹುಟ್ಟಿದ ಡಿಎಂಎ ಡಿಸೈನ್ ಎಂಬ ಸಣ್ಣ ಸಂಸ್ಥೆಯು 1991ರಲ್ಲಿ 'ಲೆಮ್ಮಿಂಗ್ಸ್' ಆಟವನ್ನೂ 1997ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೊ' ಸರಣಿಯ ಮೊದಲ ಆಟವನ್ನೂ ಹೊರತಂದಿತು. ಅದೇ 1997ರಲ್ಲಿ ಅಲ್ಲಿನ ಅಬರ್ಟೆ ವಿಶ್ವವಿದ್ಯಾಲಯ ಕಂಪ್ಯೂಟರ್ ಆಟಗಳಿಗೆಂದೇ ಪದವಿ ತರಗತಿ ಆರಂಭಿಸಿತು. ಮುಂದೆ ಆ ವಿಶ್ವವಿದ್ಯಾಲಯವೇ ಮೂಲಮಾದರಿಗಳಿಗೆ ಸಣ್ಣ ಅನುದಾನಗಳನ್ನು ಹಂಚಿತು. 2015ರಲ್ಲಿ ಬ್ರಿಟನ್ ಸರ್ಕಾರದ ಹಣದಿಂದ 'ಯುಕೆ ಗೇಮ್ಸ್ ಫಂಡ್' ಸ್ಥಾಪನೆಯಾದಾಗ ಅದರ ನೆಲೆಯೂ ಲಂಡನ್ ಆಗದೆ ಡಂಡಿಯೇ ಆಯಿತು. ಈ ನಿಧಿಯು 25,000 ಪೌಂಡುಗಳ ಆಸುಪಾಸಿನ ಅನುದಾನಗಳನ್ನು ಅನೇಕ ಸಣ್ಣ ತಂಡಗಳಿಗೆ ಕೊಟ್ಟದ್ದಲ್ಲದೆ, ಆಗಷ್ಟೇ ಪದವಿ ಮುಗಿಸಿದವರು ತಂಡ ಕಟ್ಟಿಕೊಂಡು ಬೇಸಿಗೆಯಲ್ಲಿ ಮೂಲಮಾದರಿ ಮಾಡಿ ತೋರಿಸುವ 'ಟ್ರಾನ್ಸ್‌ಫ್ಯೂಸರ್' ಎಂಬ ಸ್ಪರ್ಧೆಯನ್ನೂ ನಡೆಸಿತು. ಊರಿನದೇ ಸಂಸ್ಥೆ, ಊರಿನದೇ ವಿದ್ಯಾಲಯ, ಊರಿನಲ್ಲೇ ಇರುವ ಸಣ್ಣ ಮೊತ್ತದ ನಿಧಿ ಎಂಬ ಮೂರು ಕಲ್ಲಿನ ಒಲೆಯ ಮೇಲೆ ಡಂಡಿಯ ಅನ್ನ ಬೆಂದಿದೆ. ಉಡುಪಿಯಲ್ಲಿ ಮೊದಲ ಎರಡು ಕಲ್ಲುಗಳಿವೆ, ಮೂರನೆಯದನ್ನು ಇಡಬೇಕಾಗಿದೆ.

ಅನುದಾನದ ಬೆಂಬಲದಿಂದ ಬಂದ ಆಟಗಳ ಗುಣವನ್ನು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. 2010ರಲ್ಲಿ ಬಂದ ಡೆನ್ಮಾರ್ಕಿನ 'ಲಿಂಬೊ' ಆರಂಭದ ದಿನಗಳಲ್ಲಿ ಅಲ್ಲಿನ ಸರ್ಕಾರಿ ಅನುದಾನದ ಆಸರೆ ಪಡೆದಿತ್ತು; ಮಾತೇ ಇಲ್ಲದ, ತೊಗಲುಗೊಂಬೆಯ ನೆರಳಿನಂತೆ ಬರಿಯ ಕಪ್ಪು ಆಕೃತಿಗಳಿಂದ ಕೂಡಿದ ಆ ಆಟವನ್ನು ಕಾಗದದ ಮೇಲೆ ಓದಿದ ಯಾವ ವ್ಯಾಪಾರಿಯೂ ಸುಲಭವಾಗಿ ಹಣ ಬಿಚ್ಚುವಂತಿರಲಿಲ್ಲ. ಆಸ್ಟ್ರೇಲಿಯದ ಮೆಲ್ಬರ್ನಿನ ಸಣ್ಣ ತಂಡವೊಂದು ರೂಪಿಸಿ 2019ರಲ್ಲಿ ಬಿಡುಗಡೆ ಮಾಡಿದ 'ಅನ್‌ಟೈಟಲ್ಡ್ ಗೂಸ್ ಗೇಮ್' ಹಳ್ಳಿಯೊಂದರ ಜನರನ್ನು ಹೆಬ್ಬಾತೊಂದು ಗೋಳುಹೊಯ್ದುಕೊಳ್ಳುವ ಕತೆ; ವಿಕ್ಟೋರಿಯ ರಾಜ್ಯದ ಚಲನಚಿತ್ರ ಸಂಸ್ಥೆಯ ನೆರವು ಪಡೆದ ಈ ಆಟದ 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮೂರು ತಿಂಗಳಲ್ಲೇ ಮಾರಾಟವಾದವು. ಮಾರುಕಟ್ಟೆಯು ಈಗಾಗಲೇ ಗೆದ್ದ ಆಟದ ಅಚ್ಚಿನಲ್ಲೇ ಇನ್ನೊಂದನ್ನು ಬಯಸುತ್ತದೆ. ವಿಚಿತ್ರವೆನಿಸುವ ಕಲ್ಪನೆಗೆ ಮೊದಲ ಅವಕಾಶ ಕೊಡಬಲ್ಲದ್ದು ಲಾಭದ ಪಾಲು ಕೇಳದ ಹಣ ಮಾತ್ರ.

ನಾಲ್ಕು ಲಕ್ಷದ ಲೆಕ್ಕ

ಮೂಲಮಾದರಿಗೆ ಬೇಕಾಗುವ ಸಲಕರಣೆಗಳ ವೆಚ್ಚ ಇಂದು ಅಲ್ಪವಾಗಿದೆ. ಆಟದೊಳಗಿನ ಚಲನೆ, ಬೆಳಕು, ಡಿಕ್ಕಿ ಮುಂತಾದವನ್ನು ನಿಭಾಯಿಸುವ ಸಿದ್ಧ ತಂತ್ರಾಂಶಕ್ಕೆ ಗೇಮ್ ಇಂಜಿನ್ ಎಂದು ಹೆಸರು. ಇಂಜಿನ್‌ಗಳಲ್ಲಿ ಗೋಡೋ ಸಂಪೂರ್ಣ ಉಚಿತ, ಯೂನಿಟಿ ಮತ್ತು ಅನ್‌ರಿಯಲ್ ಆದಾಯವು ನಿಗದಿತ ಮಿತಿ ದಾಟುವವರೆಗೆ ಉಚಿತ, ಮೂರು ಆಯಾಮದ ಆಕೃತಿಗಳನ್ನು ರೂಪಿಸುವ ಬ್ಲೆಂಡರ್ ಕೂಡ ಉಚಿತ. ಗೂಗಲ್ ಪ್ಲೇನಲ್ಲಿ ಖಾತೆ ತೆರೆಯಲು ಒಂದು ಬಾರಿಗೆ 25 ಡಾಲರು, ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ ಸ್ಟೀಮ್‌ನಲ್ಲಿ ಆಟವೊಂದಕ್ಕೆ 100 ಡಾಲರು ಶುಲ್ಕವಿದೆ. ಹೀಗಾಗಿ ನಿಜವಾದ ಖರ್ಚು ಇರುವುದು ಮನುಷ್ಯರ ದಿನಗಳಲ್ಲಿ. ಒಬ್ಬ ವಿನ್ಯಾಸಕಾರ ಮತ್ತು ಒಬ್ಬ ಪ್ರೋಗ್ರಾಮರ್ ತಿಂಗಳಿಗೆ ತಲಾ 25,000 ರೂಪಾಯಿಗಳಂತೆ ಆರು ತಿಂಗಳು ದುಡಿಯುತ್ತಾರೆಂದು ಊಹಿಸಿಕೊಂಡರೆ 3 ಲಕ್ಷ. ಚಿತ್ರ ಮತ್ತು ಧ್ವನಿಗೆ 60,000. ಪರೀಕ್ಷೆಗೆ ಬೇಕಾದ ಫೋನುಗಳು, ಓಡಾಟ, ಶುಲ್ಕಗಳಿಗೆ 40,000. ಒಟ್ಟು 4 ಲಕ್ಷ ರೂಪಾಯಿ. 50 ಲಕ್ಷದ ಒಂದೇ ಅನುದಾನದ ಮೊತ್ತದಲ್ಲಿ ಇಂತಹ ಹನ್ನೆರಡು ಮೂಲಮಾದರಿಗಳನ್ನು ಮಾಡಿಸಬಹುದು. ಹನ್ನೆರಡರಲ್ಲಿ ಎಂಟು ಸೋತರೂ ಉಳಿದ ನಾಲ್ಕು ತಂಡಗಳು ಕೈಯಲ್ಲಿ ಆಟ ಹಿಡಿದುಕೊಂಡೇ ಎಲಿವೇಟ್‌ನಂತಹ ದೊಡ್ಡ ಯೋಜನೆಗಳ ಮುಂದೆ ನಿಲ್ಲುತ್ತವೆ. ಆದ್ದರಿಂದ ಸಣ್ಣ ಅನುದಾನವನ್ನು ದೊಡ್ಡ ಅನುದಾನದ ಪ್ರತಿಸ್ಪರ್ಧಿಯಾಗಿ ಕಾಣದೆ ಅದರ ಮೊದಲ ಮೆಟ್ಟಿಲಾಗಿ ಕಾಣಬೇಕು.

ಮೂರು ಆಕ್ಷೇಪಗಳು

ಗೇಮ್ ಎಂದರೆ ಜೂಜು, ಅದಕ್ಕೇಕೆ ಸಾರ್ವಜನಿಕ ಹಣ ಎಂಬುದು ಮೊದಲ ಆಕ್ಷೇಪ. ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳಿಂದ ಅನೇಕ ಮನೆಗಳು ಹಾಳಾದದ್ದು ನಿಜವೇ ಆದರೂ, 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಅಂತಹ ಹಣದಾಟಗಳನ್ನು ನಿಷೇಧಿಸಿ, ಇ-ಕ್ರೀಡೆ ಮತ್ತು ಪಣವಿಲ್ಲದ ಆಟಗಳನ್ನು ಪ್ರೋತ್ಸಾಹಿಸಬೇಕಾದ ಬೇರೆ ವರ್ಗವಾಗಿ ಗುರುತಿಸಿದೆ. ಅನುದಾನದ ಮಾತು ಬರುವುದು ಈ ಎರಡನೆಯ ವರ್ಗಕ್ಕೆ ಮಾತ್ರ.

ಮಾಡಿದ ಆಟ ಮಾರಾಟವಾಗುವ ಭರವಸೆ ಏನು ಎಂಬುದು ಎರಡನೆಯದು. ಭರವಸೆ ಇಲ್ಲ, ಸ್ಟೀಮ್ ಒಂದರಲ್ಲೇ 2024ರಲ್ಲಿ 18,000ಕ್ಕೂ ಹೆಚ್ಚು ಹೊಸ ಆಟಗಳು ಬಂದವು, ಅವುಗಳಲ್ಲಿ ಬಹುಪಾಲು ಜನರ ಕಣ್ಣಿಗೇ ಬೀಳಲಿಲ್ಲ. ಈ ಕಾರಣದಿಂದಲೇ ಮೊದಲ ಹಣ ಸಣ್ಣದಾಗಿರಬೇಕು, ಕಂತುಗಳಲ್ಲಿರಬೇಕು, ಮತ್ತು ಪ್ರತಿ ಕಂತಿನ ಮುನ್ನ ಅಪರಿಚಿತರು ಆಟವನ್ನು ಆಡಿ ನೋಡಿರಬೇಕು.

ಮೂರನೆಯ ಆಕ್ಷೇಪ ಸಂಸ್ಕೃತಿಗೆ ಸೇರಿದ್ದು. ಕರಾವಳಿಯ ಕತೆಗಳಿಗೆ ಹೊರಗಿನವರ ಕುತೂಹಲ ಹೆಚ್ಚಿರುವ ಈ ದಿನಗಳಲ್ಲಿ ದೈವಾರಾಧನೆಯನ್ನು ಗೇಮ್‌ನ ಸರಕಾಗಿಸುವ ಅಪಾಯ ಇದ್ದೇ ಇದೆ. 2014ರಲ್ಲಿ ಬಂದ 'ನೆವರ್ ಅಲೋನ್' ಎಂಬ ಆಟಕ್ಕೆ ಅಲಾಸ್ಕದ ಮೂಲನಿವಾಸಿಗಳ ಕುಕ್ ಇನ್‌ಲೆಟ್ ಟ್ರೈಬಲ್ ಕೌನ್ಸಿಲ್ ತಾನೇ ಬೆನ್ನೆಲುಬಾಗಿ ನಿಂತು, ಇನ್ಯುಪಿಯಾಟ್ ಸಮುದಾಯದ ಹಿರಿಯರನ್ನೂ ಕತೆಗಾರರನ್ನೂ ತಯಾರಿಕೆಯಲ್ಲಿ ಸೇರಿಸಿಕೊಂಡಿತು. ಸಂಬಂಧಪಟ್ಟ ಸಮುದಾಯದ ಒಪ್ಪಿಗೆಯನ್ನು ಇಲ್ಲಿನ ಅನುದಾನವೂ ಒಂದು ಷರತ್ತಾಗಿಸಿದರೆ, ಮಾರುಕಟ್ಟೆ ಕೇಳದ ಪ್ರಶ್ನೆಯನ್ನು ಕೇಳಿದಂತಾಗುತ್ತದೆ.

ಅರ್ಜಿ ಹಾಕುವವರಿಗೂ ಕೆಲವು ಹೊಣೆಗಳಿವೆ. ಆಟದ ತಿರುಳನ್ನು ಎರಡು ವಾಕ್ಯಗಳಲ್ಲಿ ಹೇಳುವ ಟಿಪ್ಪಣಿ, ಒಂದೆರಡು ನಿಮಿಷ ಆಡಬಹುದಾದ ಒರಟು ರೂಪ, ತಿಂಗಳುವಾರು ಕೆಲಸದ ಪಟ್ಟಿ, ತಮ್ಮ ಸಂಬಳವನ್ನೂ ಸೇರಿಸಿದ ಪ್ರಾಮಾಣಿಕ ಖರ್ಚಿನ ಅಂದಾಜು, ಇವಿಷ್ಟು ಇಲ್ಲದ ಅರ್ಜಿ ಎಷ್ಟೇ ಅಲಂಕಾರದ ಮಾತುಗಳಿಂದ ಕೂಡಿದ್ದರೂ ಪರಿಶೀಲಕರ ಮೇಜಿನಲ್ಲಿ ಹಿಂದುಳಿಯುತ್ತದೆ. ಉಚಿತ ಇಂಜಿನ್‌ಗಳಿರುವಾಗ ಮೊದಲ ಒರಟು ರೂಪಕ್ಕಾಗಿ ಯಾವ ಅನುದಾನವನ್ನೂ ಕಾಯಬೇಕಾಗಿಲ್ಲ.

ಉಳಿದದ್ದು ಊರಿನ ಹೊಣೆ. ಮಣಿಪಾಲ ಮತ್ತು ನಿಟ್ಟೆಯ ಪೋಷಣಾ ಕೇಂದ್ರಗಳು, ಇಲ್ಲಿಂದಲೇ ಬೆಳೆದ ಉದ್ಯಮಗಳು, ಹೊರನಾಡಿನಲ್ಲಿ ಹೋಟೆಲು ಮತ್ತು ಬ್ಯಾಂಕುಗಳ ಮೂಲಕ ನೆಲೆಗೊಂಡ ಕರಾವಳಿಯವರು ಸೇರಿ, ಸಂಸ್ಥೆಯ ನೋಂದಣಿ ಕೇಳದೆ ವ್ಯಕ್ತಿಗೇ ಕೊಡುವ ನಾಲ್ಕು ಲಕ್ಷದ ಹನ್ನೆರಡು ಅನುದಾನಗಳನ್ನು ವರ್ಷಕ್ಕೊಮ್ಮೆ ಹಂಚಲು ಮನಸ್ಸು ಮಾಡಿದರೆ ಅದಕ್ಕೆ ಬೇಕಾಗುವುದು 48 ಲಕ್ಷ ರೂಪಾಯಿ. ಮಂದಾರ್ತಿಯ ಐದು ಮೇಳಗಳ ಹರಕೆಯಾಟಕ್ಕೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುವ ಸೀಮೆಗೆ, ಆಟಕ್ಕೆ ಮುಂಗಡವಾಗಿ ವೀಳ್ಯ ಕೊಡುವುದು ಏಕೆ ಎಂದು ಯಾರೂ ತಿಳಿಹೇಳಬೇಕಾಗಿಲ್ಲ.